ಲಾಭರಹಿತ ರಂಗಸಂಸ್ಥೆಗಳಲ್ಲಿ ನಿಧಿ ಸಂಗ್ರಹಣೆಯ ನೇತೃತ್ವ: ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ

ಪೀಠಿಕೆ

ನಾಟಕ, ಸಂಗೀತ, ಬಯಲಾಟ, ಪಾರಿಜಾತ ಮುಂತಾದ ಪ್ರದರ್ಶನ ಕಲೆಗಳನ್ನು ಲಾಭದ ಉದ್ದೇಶವಿಲ್ಲದೆ ನಡೆಸಿಕೊಂಡು ಬರುವ ಸಂಸ್ಥೆಗಳಲ್ಲಿ ಟಿಕೇಟಿನ ಉತ್ಪನ್ನದಿಂದಲೇ ಸಂಪೂರ್ಣ ವೆಚ್ಚವನ್ನು ಸರಿದೂಗಿಸುವುದು ಅಪರೂಪವಾಗಿರುತ್ತದೆ. ಉಳಿದ ಮೊತ್ತವನ್ನು ದೇಣಿಗೆ, ವಂತಿಗೆ, ಪ್ರಾಯೋಜಕತ್ವ ಹಾಗೂ ಅನುದಾನಗಳ ಮೂಲಕ ಹೊಂದಿಸಬೇಕಾಗುತ್ತದೆ. ಈ ಹೊಂದಾಣಿಕೆಯ ಹೊಣೆ ಹೊತ್ತವರನ್ನು ದೊಡ್ಡ ನಗರಗಳ ಸಂಸ್ಥೆಗಳಲ್ಲಿ ನಿಧಿ ಸಂಗ್ರಹಣಾ ಮುಖ್ಯಸ್ಥರೆಂದು ಕರೆಯಲಾಗುತ್ತದೆ. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಅಂತಹ ಪ್ರತ್ಯೇಕ ಹುದ್ದೆ ಇರುವುದಿಲ್ಲ. ಸಂಘದ ಕಾರ್ಯದರ್ಶಿ ಅಥವಾ ಖಜಾಂಚಿಯೇ ಆ ಕೆಲಸವನ್ನು ನಿರ್ವಹಿಸುತ್ತಾರೆ. ಹಣ ಸಾಲದೇ ಹೋದಾಗ ಅನೇಕ ಸಲ ಅವರೇ ತಮ್ಮ ಹೆಸರಿನಲ್ಲಿ ಸಾಲ ಮಾಡಿ, ನಾಟಕ ಮುಗಿದ ಮೇಲೂ ಬಡ್ಡಿ ಕಟ್ಟುತ್ತಾರೆ. ಆದುದರಿಂದ ಈ ವಿಷಯವು ಕೇವಲ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದಲ್ಲ. ಒಂದು ಕುಟುಂಬದ ಹೊಲ, ಮನೆ, ಚಿನ್ನಗಳಿಗೂ ಸಂಬಂಧಿಸಿದುದಾಗಿರುತ್ತದೆ.

ವಿಜಯಪುರ ನಗರ ಹಾಗೂ ಹೊಸ ತಾಲ್ಲೂಕು ಕೇಂದ್ರಗಳಾದ ತಿಕೋಟಾ ಮತ್ತು ಬಬಲೇಶ್ವರಗಳ ಪರಿಸರವನ್ನು ಗಮನದಲ್ಲಿರಿಸಿಕೊಂಡು, ಕಲಾಸಂಘಗಳ ಪದಾಧಿಕಾರಿಗಳ ಹಾಗೂ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಂಕಲಿಸಲಾಗಿದೆ.

ಹಿನ್ನೆಲೆ

ವಿಜಯಪುರದಲ್ಲಿ ಕಲಾಪೋಷಣೆಯ ಇತಿಹಾಸ ಅರಮನೆಯಿಂದ ಆರಂಭವಾಗುತ್ತದೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಸ್ವತಃ ಸಂಗೀತಜ್ಞನಾಗಿದ್ದು, ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಗೇಯಕೃತಿಯನ್ನು ರಚಿಸಿದನು. ನಗರದ ಪಶ್ಚಿಮಕ್ಕಿರುವ ತೊರವಿಯ ಬಳಿ 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣದ ನಿರ್ಮಾಣವನ್ನು ಕೈಗೊಂಡನು. ಅಲ್ಲಿಯ ಸಂಗೀತ ಮಹಲಿನ ಅವಶೇಷಗಳನ್ನು ಇಂದಿಗೂ ಕಾಣಬಹುದು. 1624ರಲ್ಲಿ ಮಲಿಕ್ ಅಂಬರನ ಸೈನ್ಯವು ಈ ಪಟ್ಟಣವನ್ನು ಹಾಳುಗೆಡವಿತು. ಪಟ್ಟಣವು ಮತ್ತೆ ಮೊದಲಿನಂತೆ ಏಳಲಿಲ್ಲ. ಒಬ್ಬನೇ ಆಶ್ರಯದಾತನನ್ನು ನೆಚ್ಚಿದ ಕಲಾಕೇಂದ್ರವು ಆತನ ಆಪತ್ತಿನೊಂದಿಗೆ ತಾನೂ ಆಪತ್ತಿಗೆ ಸಿಲುಕುತ್ತದೆ ಎಂಬುದಕ್ಕೆ ಜಿಲ್ಲೆಯಲ್ಲಿ ಇದಕ್ಕಿಂತ ಹಳೆಯ ನಿದರ್ಶನ ಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ವೃತ್ತಿ ನಾಟಕ ಕಂಪನಿಗಳು ಪ್ರೇಕ್ಷಕರ ಟಿಕೇಟನ್ನೇ ಆಶ್ರಯವಾಗಿ ಮಾಡಿಕೊಂಡು ಬೆಳೆದವು. ಈ ಭಾಗದ ರಂಗಭೂಮಿಗೆ ಅತ್ಯಂತ ಹೆಚ್ಚು ನಾಟಕಗಳನ್ನು ಒದಗಿಸಿದವರಲ್ಲಿ ಕಂದಗಲ್ಲ ಹನುಮಂತರಾಯರು (1896–1966) ಪ್ರಮುಖರು. ಅವರ 'ರಕ್ತರಾತ್ರಿ' ಮತ್ತು 'ಕುರುಕ್ಷೇತ್ರ' ನಾಟಕಗಳನ್ನು ಕಂಪನಿಗಳಷ್ಟೇ ಅಲ್ಲದೆ ಹಳ್ಳಿಗಳ ಹವ್ಯಾಸಿ ಸಂಘಗಳೂ ಆಡುತ್ತ ಬಂದಿವೆ. ಅವರ ಊರಾದ ಕಂದಗಲ್ಲವು 1997ರಲ್ಲಿ ಪ್ರತ್ಯೇಕಗೊಂಡ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ, ವಿಜಯಪುರ ನಗರದ ರಂಗಮಂದಿರಕ್ಕೆ ಅವರ ಹೆಸರನ್ನೇ ಇರಿಸಲಾಗಿದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಿದರ್ಶನ

ಲಾಭಕ್ಕಾಗಿ ಅಲ್ಲದೆ ಧರ್ಮಾರ್ಥ ಕಾರ್ಯಕ್ಕಾಗಿ ನಾಟಕ ಕಂಪನಿಯನ್ನು ಕಟ್ಟಿ ನಡೆಸಿದುದಕ್ಕೆ ಉತ್ತರ ಕರ್ನಾಟಕದಲ್ಲಿ ಎಲ್ಲರೂ ಬಲ್ಲ ನಿದರ್ಶನವೆಂದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಇದರ ಮೂಲ ಹಳೆಯ ವಿಜಾಪುರ ಜಿಲ್ಲೆಯಲ್ಲಿಯೇ ಇದೆ. ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು, ಹುಟ್ಟು ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳಿಗೆ (1892–1944) ಸಂಗೀತ ಶಿಕ್ಷಣ ದೊರೆಯುವಂತೆ ಮಾಡಿದರು. ಗವಾಯಿಗಳು ತಮ್ಮಂತೆಯೇ ದೃಷ್ಟಿಹೀನರಾದ ಹಾಗೂ ಬಡವರಾದ ಮಕ್ಕಳನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಶಾಲೆಯು ಊರಿಂದೂರಿಗೆ ಹೋಗುತ್ತಿತ್ತು. ಹೋದ ಊರಿನ ಭಕ್ತರು ಊಟ ವಸತಿಗಳನ್ನು ನೋಡಿಕೊಳ್ಳುತ್ತಿದ್ದರು. ಕಡೆಗೆ ಗದುಗಿನಲ್ಲಿ ಆಶ್ರಮವು ನೆಲೆಗೊಂಡಿತು.

ಊರೂರು ತಿರುಗುವ ಶಾಲೆಯ ಅನ್ನವನ್ನು ಊರುಗಳು ಹಂಚಿಕೊಳ್ಳುತ್ತವೆ. ಒಂದೆಡೆ ನೆಲೆನಿಂತ ಶಾಲೆಗೆ ದಿನಂಪ್ರತಿ ಎರಡು ಹೊತ್ತಿನ ಊಟವನ್ನು ಒಂದೇ ಉಗ್ರಾಣದಿಂದ ಬಡಿಸಬೇಕಾಗುತ್ತದೆ. 1944ರಲ್ಲಿ ಗುರುಗಳ ನಂತರ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಈ ವೆಚ್ಚಕ್ಕಾಗಿ ನಾಟ್ಯ ಸಂಘವನ್ನು ನಡೆಸಿದರು. ಅವರೇ ರಚಿಸಿದ ಶಿವಯೋಗಿ ಸಿದ್ಧರಾಮನನ್ನು ಕುರಿತ ನಾಟಕದಿಂದ ಸಂಘದ ಪ್ರಯೋಗಗಳು ಆರಂಭವಾದವು. ನಾಟಕದ ಉತ್ಪನ್ನವು ಮಾಲೀಕನ ಲಾಭವಾಗದೆ ಅಂಧ ಮತ್ತು ಅನಾಥ ಮಕ್ಕಳ ದಾಸೋಹಕ್ಕೆ ಸಲ್ಲಬೇಕೆಂಬುದು ಅದರ ಉದ್ದೇಶವಾಗಿತ್ತು. ಹಾಡುಗಾರರು, ವಾದ್ಯಗಾರರು ಆಶ್ರಮದಲ್ಲಿಯೇ ತಯಾರಾಗುತ್ತಿದ್ದುದು ಸಂಘಕ್ಕೆ ದೊಡ್ಡ ಅನುಕೂಲ. ಬೇರೆ ಕಂಪನಿಗಳು ಸಂಬಳ ಕೊಟ್ಟು ತರಬೇಕಾದ ಸಂಗೀತವು ಇಲ್ಲಿ ಶಿಕ್ಷಣದ ಭಾಗವೇ ಆಗಿತ್ತು.

ಆಶ್ರಮದ ಎರಡನೆಯ ಆದಾಯ ಮಾರ್ಗವು ತುಲಾಭಾರ. ಭಕ್ತರು ತಮ್ಮ ಊರುಗಳಿಗೆ ಗವಾಯಿಗಳನ್ನು ಬರಮಾಡಿಕೊಂಡು ನಾಣ್ಯಗಳಿಂದ ತೂಗಿ ಆ ಹಣವನ್ನು ಆಶ್ರಮಕ್ಕೆ ಅರ್ಪಿಸುತ್ತಿದ್ದರು. ಇಂತಹ ತುಲಾಭಾರಗಳು ನೂರಾರು ಸಂಖ್ಯೆಯಲ್ಲಿ ನಡೆದವು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಎರಡು ಮಾರ್ಗಗಳನ್ನು ಹೋಲಿಸುವುದು ಉಪಯುಕ್ತ. ನಾಟಕ ಕಂಪನಿಯು ನೂರು ರೂಪಾಯಿ ಗಳಿಸಬೇಕಾದರೆ ಮೊದಲು ಥಿಯೇಟರು, ಸೀನು, ದೀಪ, ಊಟ, ಸಾಗಾಣಿಕೆಗಳಿಗೆ ಖರ್ಚು ಮಾಡಬೇಕು. ಮಳೆ ಹಿಡಿದರೆ ಗಳಿಕೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ತುಲಾಭಾರದಲ್ಲಿ ವ್ಯವಸ್ಥೆಯ ವೆಚ್ಚವನ್ನು ಕರೆಸಿಕೊಂಡ ಊರೇ ಭರಿಸುತ್ತದೆ. ತಕ್ಕಡಿಯಲ್ಲಿ ಬಿದ್ದುದೆಲ್ಲ ಉಳಿತಾಯ. ಆದರೆ ತುಲಾಭಾರವು ಒಬ್ಬ ವ್ಯಕ್ತಿಯ ಮೇಲಿನ ಭಕ್ತಿಯನ್ನು ಅವಲಂಬಿಸಿದೆ. ನಾಟಕವು ಒಂದು ತಂಡದ ಕೌಶಲ್ಯವನ್ನು ಅವಲಂಬಿಸಿದೆ. ಮೊದಲನೆಯದನ್ನು ಇತರರು ಅನುಕರಿಸಲು ಬರುವಂತಿಲ್ಲ, ಎರಡನೆಯದನ್ನು ಅನುಕರಿಸಬಹುದು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ರಾಜ್ಯದ ಇತರ ಮಾದರಿಗಳು

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ (ನೀನಾಸಂ) 1985ರಿಂದ 'ತಿರುಗಾಟ'ವನ್ನು ನಡೆಸುತ್ತ ಬಂದಿದೆ. ತಂಡವು ಸಿದ್ಧಪಡಿಸಿದ ನಾಟಕಗಳನ್ನು ಊರಿನ ಸಂಘಟಕರು ನಿಗದಿತ ಮೊತ್ತ ನೀಡಿ ಆಡಿಸುತ್ತಾರೆ. ಆ ಮೊತ್ತವನ್ನು ಟಿಕೇಟಿನಿಂದ ಎತ್ತುವುದೋ ವಂತಿಗೆಯಿಂದ ಎತ್ತುವುದೋ ಎಂಬುದು ಆಯಾ ಊರಿನವರಿಗೆ ಬಿಟ್ಟದ್ದು. ಅಂದರೆ ನಿಧಿ ಸಂಗ್ರಹಣೆಯ ಕೆಲಸವು ಒಂದೇ ಕಚೇರಿಯಲ್ಲಿ ಕೂಡಿಬೀಳದೆ ನೂರಾರು ಊರುಗಳಿಗೆ ಹಂಚಿಹೋಗುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ಕಲಾಸಂಘವು (1987) ತನ್ನ 'ಶಿವಸಂಚಾರ' ರೆಪರ್ಟರಿಯನ್ನು 1997ರಿಂದ ನಡೆಸುತ್ತಿದ್ದು, ಅದರ ಬೆನ್ನಿಗೆ ಮಠದ ಬೆಂಬಲವಿದೆ.

ಬೆಂಗಳೂರಿನ ರಂಗಶಂಕರದ ಕಥೆ ಬೇರೆ. ನಟ ಶಂಕರ್ ನಾಗ್ ಅವರು 1990ರ ಸೆಪ್ಟೆಂಬರ್ 30ರಂದು ನಿಧನರಾದ ನಂತರ, ಅರುಂಧತಿ ನಾಗ್ ಅವರ ನೇತೃತ್ವದಲ್ಲಿ ಸಂಕೇತ್ ಟ್ರಸ್ಟ್ ಜೆ.ಪಿ. ನಗರದಲ್ಲಿ ಸರ್ಕಾರ ನೀಡಿದ ನಿವೇಶನದಲ್ಲಿ ರಂಗಮಂದಿರವನ್ನು ಕಟ್ಟಿತು. ಅದು 2004ರ ಅಕ್ಟೋಬರ್ ತಿಂಗಳಲ್ಲಿ ತೆರೆಯಿತು. ನಡುವೆ ಕಳೆದದ್ದು ಹದಿನಾಲ್ಕು ವರ್ಷ. ಖ್ಯಾತನಾಮರ ಹೆಸರು, ರಾಜಧಾನಿಯ ಉದ್ಯಮಗಳು, ಸರ್ಕಾರದ ನಿವೇಶನ ಇಷ್ಟೂ ಇದ್ದಾಗ್ಯೂ ಕಟ್ಟಡಕ್ಕೆ ಇಷ್ಟು ಕಾಲ ಹಿಡಿಯಿತೆಂಬುದನ್ನು, ಒಂದೇ ವರ್ಷದಲ್ಲಿ ಸ್ವಂತ ರಂಗಮಂದಿರ ಕಟ್ಟುವುದಾಗಿ ಠರಾವು ಪಾಸು ಮಾಡುವ ಸಂಘಗಳು ಗಮನಿಸಬೇಕು.

ಪಟ್ಟಿ, ವರ್ಗಣಿ ಮತ್ತು ಆಯೇರಿ

ವಿಜಯಪುರ ಭಾಗದಲ್ಲಿ ಜಾತ್ರೆಯ ನಿಮಿತ್ತ ಊರಿನ ಹುಡುಗರು ಸೇರಿ ಸಾಮಾಜಿಕ ಅಥವಾ ಪೌರಾಣಿಕ ನಾಟಕ ಆಡುವ ರೂಢಿ ಗಟ್ಟಿಯಾಗಿ ಉಳಿದಿದೆ. ಊರಿನ ಹಿರಿಯರು ಕೂಡಿ ಪಟ್ಟಿ ಹಾಕುತ್ತಾರೆ. ಮನೆಗಿಷ್ಟು ಅಥವಾ ಎಕರೆಗಿಷ್ಟು ಎಂದು ವರ್ಗಣಿ ಗೊತ್ತುಪಡಿಸಲಾಗುತ್ತದೆ. ಪಾತ್ರ ವಹಿಸುವವರೂ ತಮ್ಮ ಪಾತ್ರದ ತೂಕಕ್ಕೆ ತಕ್ಕಂತೆ ಹಣ ಹಾಕುವುದುಂಟು. ದುರ್ಯೋಧನನ ಪಾತ್ರಕ್ಕೆ ಯೋಗ್ಯತೆಗಿಂತ ಹೆಚ್ಚಾಗಿ ವರ್ಗಣಿಯೇ ಆಧಾರವಾದಾಗ ಪ್ರಯೋಗದ ಗತಿ ಏನಾಗುತ್ತದೆಂಬುದು ಪ್ರೇಕ್ಷಕರಿಗೆ ತಿಳಿದ ವಿಷಯ.

ನಾಟಕ ನಡೆಯುತ್ತಿರುವಾಗ ಮೆಚ್ಚಿದವರು ವೇದಿಕೆಗೆ ಹಣ ಕಳುಹಿಸುತ್ತಾರೆ. ಅದನ್ನು ಆಯೇರಿ ಎನ್ನುತ್ತಾರೆ. ಕೊಟ್ಟವರ ಹೆಸರು, ಅವರ ಊರು, ಯಾವ ಪಾತ್ರಕ್ಕೆ ಎಷ್ಟು ಎಂಬುದನ್ನು ಮೈಕಿನಲ್ಲಿ ಸಾರಲಾಗುತ್ತದೆ. ಕಥೆಗೆ ಭಂಗ ಬರುತ್ತದೆಂದು ಆಧುನಿಕ ನಿರ್ದೇಶಕರು ಇದನ್ನು ವಿರೋಧಿಸುತ್ತಾರೆ. ಅವರ ಆಕ್ಷೇಪಣೆ ನ್ಯಾಯವಾದುದೇ ಆದರೂ, ನಿಧಿ ಸಂಗ್ರಹಣೆಯ ತತ್ವಗಳೆಲ್ಲವೂ ಆಯೇರಿಯಲ್ಲಿ ಅಡಕವಾಗಿವೆ ಎಂಬುದನ್ನು ಅಲ್ಲಗಳೆಯಲಾಗದು. ಕೊಡುವವನು ಎದುರಿಗೆ ಕಂಡದ್ದಕ್ಕೆ ಕೊಡುತ್ತಾನೆ, ಕೊಟ್ಟ ಕೂಡಲೇ ಅದರ ಸ್ವೀಕೃತಿ ಬಹಿರಂಗವಾಗುತ್ತದೆ, ಪಕ್ಕದಲ್ಲಿ ಕುಳಿತವನಿಗೂ ಕೊಡಬೇಕೆನಿಸುತ್ತದೆ. ಅಂಕಗಳ ನಡುವಿನ ವಿರಾಮದಲ್ಲಿ ಮಾತ್ರ ಆಯೇರಿ ಓದುವ ಪದ್ಧತಿಯನ್ನು ಇಟ್ಟುಕೊಂಡರೆ ಎರಡೂ ಪಕ್ಷಗಳಿಗೆ ಸಮಾಧಾನವಾಗುತ್ತದೆ.

ಇಲ್ಲಿ ತಕರಾರು ಹುಟ್ಟುವುದು ಬೇರೆ ಕಡೆ. ಆಯೇರಿಯ ಹಣ ಪಾತ್ರಧಾರಿಗೆ ಸೇರಬೇಕೋ ಸಂಘಕ್ಕೆ ಸೇರಬೇಕೋ ಎಂಬುದನ್ನು ಮೊದಲೇ ನಿರ್ಧರಿಸದಿದ್ದಲ್ಲಿ ಬೆಳಗಿನ ಜಾವ ಬಣ್ಣ ಒರೆಸುವ ಹೊತ್ತಿಗೆ ಜಗಳವಾಗುತ್ತದೆ. ಹೊರಗಿನಿಂದ ಬಂದ ಪಾತ್ರಧಾರಿಣಿಯರಿಗೆ ಆಯೇರಿಯೇ ಗಳಿಕೆಯ ಮುಖ್ಯ ಭಾಗವಾಗಿರುವುದರಿಂದ ಅದನ್ನು ಸಂಘಕ್ಕೆ ಜಮಾ ಮಾಡಿಕೊಳ್ಳುವುದು ನ್ಯಾಯವಲ್ಲ. ಕಲಾವಿದರ ಹೆಸರಿಗೆ ಬಂದುದು ಕಲಾವಿದರಿಗೆ, ಸಂಘದ ಹೆಸರಿಗೆ ಬಂದುದು ಸಂಘಕ್ಕೆ ಎಂದು ತಾಲೀಮಿನ ಮೊದಲ ದಿನವೇ ಬರೆದಿಡತಕ್ಕದ್ದು.

ಧಾನ್ಯ, ಬೇಳೆ, ರೊಟ್ಟಿ, ಮಂಟಪದ ಸಾಮಾನು ಮುಂತಾಗಿ ವಸ್ತುರೂಪದ ನೆರವೂ ಹೇರಳವಾಗಿ ಬರುತ್ತದೆ. ಡೋಣಿ ಸೀಮೆಯ ಕಪ್ಪು ಮಣ್ಣಿನಲ್ಲಿ ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಜೋಳ ಕೇಳುವುದು ಸುಲಭ, ನಗದು ಕೇಳುವುದು ಕಷ್ಟ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಲ್ಲಿ ಒಣದ್ರಾಕ್ಷಿ ಮಾರಾಟವಾದ ಮೇಲೆ ನಗದು ಇರುತ್ತದೆ. ಅದಕ್ಕೆ ಮೊದಲು ಔಷಧಿ, ಗೊಬ್ಬರ, ಕೂಲಿಗಳ ಸಾಲವಿರುತ್ತದೆ. ನಗರದಲ್ಲಿ ಪರಿಸ್ಥಿತಿ ಮತ್ತೊಂದು ಬಗೆಯದು. ಜನವರಿಯಲ್ಲಿ ಸಂಕ್ರಮಣದ ಸುಮಾರಿಗೆ ಸಿದ್ಧೇಶ್ವರ ಜಾತ್ರೆ ನಡೆಯುವಾಗ ಪೇಟೆಯ ವ್ಯಾಪಾರಿಗಳ ಬಳಿಗೆ ಹತ್ತಾರು ಸಂಘಗಳು ಪಾವತಿ ಪುಸ್ತಕ ಹಿಡಿದು ಬರುತ್ತವೆ. ಅದೇ ವಾರದಲ್ಲಿ ಹನ್ನೊಂದನೆಯ ಸಂಘವಾಗಿ ಅಂಗಡಿ ಮೆಟ್ಟಿಲು ಹತ್ತುವುದರಿಂದ ಪ್ರಯೋಜನವಿಲ್ಲ.

ಒಂದು ಪ್ರಯೋಗದ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ಅಂದಾಜನ್ನು ಇಲ್ಲಿ ಕೊಡಲಾಗಿದೆ. ಹವ್ಯಾಸಿ ಸಂಘವೊಂದು ನಗರದಲ್ಲಿ ಎರಡು ಪ್ರಯೋಗಗಳನ್ನು ನೀಡಲು ಉದ್ದೇಶಿಸಿದೆ ಎಂದಿಟ್ಟುಕೊಳ್ಳೋಣ. ಹಾರ್ಮೋನಿಯಂ ಮಾಸ್ತರು ಮತ್ತು ತಬಲಾ ವಾದಕರ ಸಂಭಾವನೆ 25,000 ರೂ., ಹೊರಗಿನ ಕಲಾವಿದರ ಗೌರವಧನ 40,000 ರೂ., ಸೀನು ಮತ್ತು ದೀಪ 45,000 ರೂ., ವೇಷಭೂಷಣ ಹಾಗೂ ಪ್ರಸಾಧನ 20,000 ರೂ., ಧ್ವನಿವರ್ಧಕ 15,000 ರೂ., ಊಟ ಮತ್ತು ಪ್ರಯಾಣ 15,000 ರೂ., ಮುದ್ರಣ 10,000 ರೂ., ಬಾಡಿಗೆ ಹಾಗೂ ಅನುಮತಿ 10,000 ರೂ. ಒಟ್ಟು 1,80,000 ರೂ. ಆಗುತ್ತದೆ. ಪ್ರತಿ ಪ್ರಯೋಗಕ್ಕೆ 100 ರೂ.ಗಳ 300 ಟಿಕೇಟು ಮಾರಾಟವಾದರೆ ಎರಡರಿಂದ ಬರುವುದು 60,000 ರೂ. ಕೊರತೆ 1,20,000 ರೂ.

ಈ ಕೊರತೆಯನ್ನು ನಾಟಕದ ಮರುದಿನ ಕಂಡುಕೊಳ್ಳುವ ಸಂಘಕ್ಕೂ, ತಾಲೀಮು ಆರಂಭಿಸುವ ಮೊದಲೇ ಕಾಗದದ ಮೇಲೆ ಕಾಣುವ ಸಂಘಕ್ಕೂ ಅಜಗಜಾಂತರವಿದೆ. ಟಿಕೇಟು ದರ ಇಮ್ಮಡಿಸಿ 200 ರೂ. ಮಾಡಿದರೂ, ಒಬ್ಬ ಪ್ರೇಕ್ಷಕನೂ ಕಡಿಮೆಯಾಗದಿದ್ದರೂ ಸಹ, 60,000 ರೂ. ಕೊರತೆ ಉಳಿದೇ ಇರುತ್ತದೆ. ಆದುದರಿಂದ ದರ ಏರಿಕೆ ಪರಿಹಾರವಲ್ಲ. ಮತ್ತೊಂದು ಕಡೆಯಿಂದ ನೋಡಿದರೆ, ಇದೇ ನಾಟಕವನ್ನು ಎರಡರ ಬದಲು ಆರು ಊರುಗಳಲ್ಲಿ ಆಡಿದಲ್ಲಿ ತಾಲೀಮು, ವೇಷಭೂಷಣಗಳಂತಹ ಒಂದಾವರ್ತಿ ವೆಚ್ಚ ಆರು ಪಾಲಾಗುತ್ತದೆ. ತಿರುಗಾಟದ ಮಾದರಿಯ ಆರ್ಥಿಕ ಬಲವಿರುವುದು ಇಲ್ಲಿಯೇ. ತಿಕೋಟಾ ಮತ್ತು ಬಬಲೇಶ್ವರ ನಗರದಿಂದ ದೂರವಿಲ್ಲ. ರಾತ್ರಿ ಆಟ ಮುಗಿಸಿ ತಂಡವು ಮರಳಿ ಬರಬಹುದಾದಷ್ಟು ಹತ್ತಿರದಲ್ಲಿಯೇ ಇವೆ.

ನೇತೃತ್ವ ವಹಿಸುವವರ ಹೊಣೆ

ನಿಧಿ ಸಂಗ್ರಹಣೆಯ ನೇತೃತ್ವವೆಂದರೆ ಎಲ್ಲರ ಮನೆಗೂ ತಾನೇ ಹೋಗಿ ಕೇಳುವುದು ಎಂಬ ತಿಳುವಳಿಕೆ ಸಾಮಾನ್ಯವಾಗಿದೆ. ಅದು ಪೂರ್ಣ ಸರಿಯಲ್ಲ. ಯಾರನ್ನು ಯಾರು ಕೇಳಬೇಕು, ಯಾವಾಗ ಕೇಳಬೇಕು, ಎಷ್ಟು ಕೇಳಬೇಕು ಎಂಬುದನ್ನು ಗೊತ್ತುಪಡಿಸುವುದೇ ಮುಖ್ಯ ಕೆಲಸ. ನಿವೃತ್ತ ಶಿಕ್ಷಕರನ್ನು ಅವರ ಹಳೆಯ ವಿದ್ಯಾರ್ಥಿ ಕೇಳಿದರೆ ಆಗುವ ಪರಿಣಾಮವು ಖಜಾಂಚಿ ಕೇಳಿದರೆ ಆಗುವುದಿಲ್ಲ. ಕೇಳುವಾಗ "ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರಿ" ಎನ್ನುವುದಕ್ಕಿಂತ "ಒಂದು ದಿನದ ದೀಪದ ಖರ್ಚು ನಿಮ್ಮದಿರಲಿ" ಎನ್ನುವುದು ಉತ್ತಮ. ಕೊಡುವವರಿಗೆ ತಮ್ಮ ಹಣ ಯಾವುದಾಯಿತೆಂಬುದು ಕಣ್ಣಿಗೆ ಕಾಣುತ್ತದೆ.

ದಾನಿಗಳ ವಹಿಯನ್ನು ಪ್ರತ್ಯೇಕವಾಗಿ ಇಡತಕ್ಕದ್ದು. ಕೊಟ್ಟ ಮೊತ್ತ, ದಿನಾಂಕ, ಪಾವತಿ ಸಂಖ್ಯೆಗಳ ಜೊತೆಗೆ ಅವರು ಹಿಂದಿನ ಪ್ರಯೋಗಕ್ಕೆ ಬಂದಿದ್ದರೇ, ಅವರಿಗೆ ಲೆಕ್ಕ ಕಳುಹಿಸಲಾಗಿದೆಯೇ ಎಂಬುದನ್ನೂ ಬರೆಯಬೇಕು. ನಾಟಕ ಮುಗಿದ ಮೂವತ್ತು ದಿನಗಳೊಳಗೆ ಒಂದು ಪುಟದ ಜಮಾ-ಖರ್ಚನ್ನು ದಾನಿಗಳೆಲ್ಲರಿಗೂ ತಲುಪಿಸುವ ಸಂಘಕ್ಕೆ ಎರಡನೆಯ ವರ್ಷ ಕೇಳುವುದು ಹಗುರವಾಗುತ್ತದೆ. ಕೊರತೆಯಾಗಿದ್ದರೆ ಕೊರತೆಯನ್ನೂ ಬರೆಯಬೇಕು. ಮುಚ್ಚಿಟ್ಟ ಕೊರತೆಯು ಊರಿನ ಕಟ್ಟೆಯ ಮೇಲೆ ಅಪಹಾರವೆಂದು ಹೆಸರು ಪಡೆಯುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ.

ವಾರ್ಷಿಕ ಆದಾಯದಲ್ಲಿ ಒಬ್ಬನೇ ದಾನಿಯ ಪಾಲು ಅರ್ಧವನ್ನು ಮೀರಿದಾಗ ಆ ದಾನಿಯ ಅಭಿರುಚಿಯೇ ನಾಟಕದ ಆಯ್ಕೆಯನ್ನು ನಿರ್ಧರಿಸತೊಡಗುತ್ತದೆ. ಚುನಾವಣೆಯ ವರ್ಷಗಳಲ್ಲಿ ಬರುವ ಉದಾರ ದೇಣಿಗೆಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಬಂದ ಹಣವನ್ನು ವಿನಯದಿಂದ ಬೇಡವೆನ್ನುವ ಅಧಿಕಾರವೂ ನೇತೃತ್ವ ವಹಿಸಿದವರಿಗೆ ಇರಬೇಕು. ಈ ಬಗ್ಗೆ ಕಾರ್ಯಕಾರಿ ಸಮಿತಿಯ ಠರಾವು ಮೊದಲೇ ಇದ್ದರೆ ವೈಯಕ್ತಿಕ ಮನಸ್ತಾಪಕ್ಕೆ ಎಡೆಯಾಗುವುದಿಲ್ಲ. ಅದರಂತೆಯೇ, ಪದಾಧಿಕಾರಿಗಳು ಸಂಘಕ್ಕಾಗಿ ತಮ್ಮ ಸ್ವಂತ ಹೆಸರಿನಲ್ಲಿ ಸಾಲ ಮಾಡುವುದನ್ನು ನಿಷೇಧಿಸುವ ಠರಾವೂ ಅವಶ್ಯ. ಹಣ ಕೂಡದಿದ್ದರೆ ಪ್ರಯೋಗವನ್ನು ಮುಂದೂಡಬಹುದು. ಮುಂದೂಡಿದ ನಾಟಕದ ಅವಮಾನ ಒಂದು ಹಂಗಾಮಿನದು, ಒತ್ತೆ ಬಿದ್ದ ಹೊಲದ ಸಂಕಟ ಹಲವು ವರ್ಷಗಳದು.

ನೋಂದಣಿ ಮತ್ತು ತೆರಿಗೆ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಕನಿಷ್ಠ 7 ಜನ ಸೇರಿ ಸಂಘವನ್ನು ನೋಂದಾಯಿಸಬಹುದು. ನೋಂದಣಿಯ ನಂತರ ಪ್ರತಿ ವರ್ಷ ಸರ್ವಸಾಧಾರಣ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಅನೇಕ ಸಂಘಗಳು ಇದನ್ನು ಅಲಕ್ಷಿಸಿ, ಅನುದಾನದ ಅರ್ಜಿ ಹಾಕುವ ವರ್ಷ ಮಾತ್ರ ಎಚ್ಚೆತ್ತುಕೊಳ್ಳುತ್ತವೆ.

ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆಗಳಿಗೆ ಎರಡು ಪ್ರತ್ಯೇಕ ಸೌಲಭ್ಯಗಳಿವೆ. ಒಂದು ಸಂಸ್ಥೆಯ ಆದಾಯಕ್ಕೆ ಸಿಗುವ ವಿನಾಯಿತಿ, ಇನ್ನೊಂದು ದಾನಿಗೆ ಸಿಗುವ ಕಡಿತ. 1961ರ ಕಾಯ್ದೆಯಲ್ಲಿ ಇವು ಕ್ರಮವಾಗಿ 12ಎಬಿ ಹಾಗೂ 80ಜಿ ಎಂದು ಪರಿಚಿತವಾಗಿದ್ದವು. 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪುಗೊಂಡಿದ್ದು, ಅದರಲ್ಲಿ ಕಲಂಗಳ ಸಂಖ್ಯೆಗಳು ಬದಲಾಗಿವೆ. ಅರ್ಜಿ ಸಲ್ಲಿಸುವ ಮುನ್ನ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳುವುದು. 80ಜಿ ಅಡಿಯಲ್ಲಿ 2,000 ರೂ.ಗಳಿಗಿಂತ ಹೆಚ್ಚಿನ ನಗದು ದೇಣಿಗೆಗೆ ಕಡಿತ ದೊರೆಯುತ್ತಿರಲಿಲ್ಲ, ವಸ್ತುರೂಪದ ದೇಣಿಗೆಗೂ ದೊರೆಯುತ್ತಿರಲಿಲ್ಲ. ಹತ್ತು ಚೀಲ ಜೋಳ ಕೊಟ್ಟವರಿಗೆ ತೆರಿಗೆ ಪ್ರಮಾಣಪತ್ರದ ಆಶ್ವಾಸನೆ ನೀಡಬಾರದು.

ಈ ಪ್ರಮಾಣಪತ್ರದ ಆಕರ್ಷಣೆಯನ್ನು ಅಳತೆ ಮೀರಿ ನಂಬುವುದೂ ತಪ್ಪು. ತಿಕೋಟಾದ ದ್ರಾಕ್ಷಿ ಬೆಳೆಗಾರರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಕಡಿತದಿಂದ ಅವರಿಗೆ ಲಾಭವಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಸಂಬಳದಾರರಿಗೂ ದೇಣಿಗೆಯ ಕಡಿತ ಲಭ್ಯವಿಲ್ಲ. ಉಳಿಯುವವರು ಹಳೆಯ ಪದ್ಧತಿಯಲ್ಲಿಯೇ ಮುಂದುವರಿದ ವ್ಯಕ್ತಿಗಳು ಹಾಗೂ ಕೆಲವು ಉದ್ಯಮಗಳು. ಹೀಗಿರುವಾಗ ಗ್ರಾಮೀಣ ಭಾಗದಲ್ಲಿ ತಂದೆತಾಯಿಗಳ ಸ್ಮರಣಾರ್ಥ ಒಂದು ಪ್ರಯೋಗವನ್ನು ಅರ್ಪಿಸುವ ಅವಕಾಶವು ಪ್ರಮಾಣಪತ್ರಕ್ಕಿಂತ ಬಲವಾದ ಪ್ರೇರಣೆಯಾಗಿರುತ್ತದೆ.

ಸ್ಮರಣಾರ್ಥ ಫಲಕಗಳ ವಿಷಯದಲ್ಲಿ ಸರಕು ಮತ್ತು ಸೇವಾ ತೆರಿಗೆಯ ಪ್ರಶ್ನೆ ಏಳುವುದುಂಟು. ದಾನಿಯ ಹೆಸರನ್ನು ಕೃತಜ್ಞತೆಗಾಗಿ ಮಾತ್ರ ಬರೆಸಿದ್ದು, ಅದರಿಂದ ಅವರ ವ್ಯಾಪಾರಕ್ಕೆ ಪ್ರಚಾರವಾಗದಿದ್ದಲ್ಲಿ ತೆರಿಗೆ ಇಲ್ಲವೆಂದು 2019ರ ಅಕ್ಟೋಬರ್ 11ರ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು ಸ್ಪಷ್ಟಪಡಿಸಿದೆ. ಅಂಗಡಿಯ ಹೆಸರು, ಸರಕಿನ ಚಿತ್ರ, ದೂರವಾಣಿ ಸಂಖ್ಯೆಗಳಿರುವ ಪರದೆಯು ದೇಣಿಗೆಯಲ್ಲ, ಜಾಹೀರಾತು. ಎರಡನ್ನೂ ಒಂದೇ ಪಾವತಿ ಪುಸ್ತಕದಲ್ಲಿ ಬರೆಯಬಾರದು. ನಾಟಕ ಪ್ರವೇಶದ ಟಿಕೇಟು ಒಬ್ಬರಿಗೆ 500 ರೂ. ಮೀರದಿದ್ದರೆ ಸದರಿ ತೆರಿಗೆಯಿಂದ ವಿನಾಯಿತಿ ಇದೆ.

ಟಿಕೇಟು ಮಾರಾಟ ಹೆಚ್ಚಿಸಲು ಬಹುಮಾನದ ಚೀಟಿ ಎತ್ತುವ ಪದ್ಧತಿಯನ್ನು ಕೆಲವರು ಸೂಚಿಸುತ್ತಾರೆ. ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಇಂತಹ ಸಾಹಸಕ್ಕೆ ಕೈಹಾಕದಿರುವುದೇ ಕ್ಷೇಮ.

ಸರ್ಕಾರ, ಕಂಪನಿ ಮತ್ತು ವಿದೇಶದ ನೆರವು

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ನೋಂದಾಯಿತ ಸಂಘ ಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ. ಕರ್ನಾಟಕ ನಾಟಕ ಅಕಾಡೆಮಿ ಮತ್ತು ಬಯಲಾಟ ಅಕಾಡೆಮಿಗಳೂ ಇವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ರೆಪರ್ಟರಿ ಅನುದಾನವು ಕಾಯಂ ತಂಡಗಳಿಗೆ ಉಪಯುಕ್ತವಾದುದು. ಅನುದಾನವನ್ನು ಕೊರತೆ ತುಂಬುವ ಮೊತ್ತವೆಂದು ಅಂದಾಜಿನಲ್ಲಿ ಸೇರಿಸಬಹುದೇ ಹೊರತು, ತಾಲೀಮಿನ ದಿನ ಕೈಯಲ್ಲಿರುವ ಹಣವೆಂದು ಭಾವಿಸಲಾಗದು. ಮಂಜೂರಾತಿ, ಬಳಕೆ ಪ್ರಮಾಣಪತ್ರ, ಬಿಡುಗಡೆ ಇವುಗಳ ನಡುವೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗಿನ ಖರ್ಚಿಗೆ ಸಂಘದಲ್ಲಿ ಒಂದು ಪ್ರಯೋಗದ ಅರ್ಧ ವೆಚ್ಚದಷ್ಟಾದರೂ ಶಾಶ್ವತ ನಿಧಿ ಇರುವುದು ಒಳಿತು. ಅಂತಹ ನಿಧಿಗೆ ಕೊಡುವ ದಾನಿಯು ಅದು ಮೂಲಧನಕ್ಕೇ ಸೇರತಕ್ಕದ್ದೆಂದು ಲಿಖಿತವಾಗಿ ತಿಳಿಸಬೇಕು. ಬಾಯಿಮಾತು ಲೆಕ್ಕಪರಿಶೋಧನೆಯಲ್ಲಿ ನಿಲ್ಲುವುದಿಲ್ಲ.

ಕಂಪನಿಗಳ ಕಾಯ್ದೆ, 2013ರ ಕಲಂ 135ರ ಪ್ರಕಾರ 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭವುಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಸದರಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಕಲೆ ಮತ್ತು ಸಂಸ್ಕೃತಿಯ ಸಂರಕ್ಷಣೆ ಸೇರಿದೆ. ಕಂಪನಿಯು ತಾನು ಕಾರ್ಯ ನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಇದೆ. ಜಿಲ್ಲೆಯಲ್ಲಿ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಂತಹ ದೊಡ್ಡ ಉದ್ಯಮಗಳಿವೆ. ಆದರೆ ಶಾಲೆ, ಆಸ್ಪತ್ರೆ, ಕುಡಿಯುವ ನೀರುಗಳೂ ಅದೇ ಅನುಸೂಚಿಯಲ್ಲಿರುವುದರಿಂದ ಬರಿಯ 'ನಾಟಕಕ್ಕೆ ಸಹಾಯ' ಎಂಬ ಮನವಿಗೆ ಮನ್ನಣೆ ದೊರೆಯುವುದು ಕಷ್ಟ. ಶಾಲಾ ಮಕ್ಕಳಿಗೆ ರಂಗ ತರಬೇತಿ, ಅಳಿವಿನಂಚಿನಲ್ಲಿರುವ ಪಾರಿಜಾತ ಮೇಳದ ಹಿರಿಯರಿಂದ ಕಿರಿಯರಿಗೆ ಕಲಿಕೆ ಎಂಬ ಸ್ಪಷ್ಟ ಉದ್ದೇಶ, ಅವಧಿ, ಫಲಾನುಭವಿಗಳ ಸಂಖ್ಯೆಯಿರುವ ಯೋಜನೆ ಸಲ್ಲಿಸಬೇಕಾಗುತ್ತದೆ.

ಹೊರದೇಶದಲ್ಲಿರುವ ಊರಿನವರು ಹಣ ಕಳುಹಿಸಲು ಮುಂದೆ ಬರುವುದುಂಟು. ಭಾರತೀಯ ಪೌರತ್ವ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟದ್ದು ವಿದೇಶಿ ವಂತಿಗೆಯಾಗುವುದಿಲ್ಲ. ಅನ್ಯ ದೇಶದ ಪೌರತ್ವ ಪಡೆದವರಿಂದ ಸ್ವೀಕರಿಸಲು 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. ಸಣ್ಣ ಸಂಘಗಳು ಕೇಳಿ ತಿಳಿಯದೆ ಹಣ ಜಮಾ ಮಾಡಿಕೊಂಡು ತೊಂದರೆಗೊಳಗಾಗಬಾರದು.

ನಾಟಕಕಾರರ ಹಕ್ಕು ಹಾಗೂ ಅನುಮತಿ

ನಿಧಿ ಸಂಗ್ರಹದ ಪ್ರಯೋಗಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಬಾಬ್ತು ನಾಟಕಕಾರರ ಸಂಭಾವನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹವ್ಯಾಸಿ ಸಂಘವು ಟಿಕೇಟಿಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದ ಪ್ರಯೋಗವು ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಟಿಕೇಟು ಇಟ್ಟು ಸಂಘದ ನಿಧಿಗಾಗಿ ಆಡಿದರೆ ಅನುಮತಿ ಬೇಕು. ಹಕ್ಕು ಲೇಖಕರ ಮರಣಾನಂತರ 60 ವರ್ಷ ಇರುತ್ತದೆ. 1966ರಲ್ಲಿ ನಿಧನರಾದ ಕಂದಗಲ್ಲ ಹನುಮಂತರಾಯರ ಜೀವಿತಕಾಲದಲ್ಲಿ ಪ್ರಕಟವಾದ ನಾಟಕಗಳ ಹಕ್ಕಿನ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಜೀವಂತವಿರುವ ನಾಟಕಕಾರರ ಕೃತಿಗಳನ್ನು ಹೆಸರು ಬದಲಿಸಿ ಆಡುವ ಅಭ್ಯಾಸವು ಕೆಲವು ಕಡೆ ಇದ್ದು, ಅದು ಅವರ ಅನ್ನವನ್ನು ಕಸಿಯುವುದೇ ಆಗಿದೆ. ಅಂದಾಜಿನಲ್ಲಿ ದೀಪಕ್ಕೆ ತೆಗೆದಿರಿಸುವಂತೆ ನಾಟಕಕಾರರಿಗೂ ಒಂದು ಮೊತ್ತವನ್ನು ತೆಗೆದಿರಿಸತಕ್ಕದ್ದು.

ಬಯಲಿನಲ್ಲಿ ಆಡುವ ನಾಟಕಗಳಿಗೆ ಪೊಲೀಸ್ ಅನುಮತಿ ಅವಶ್ಯ. ಶಬ್ದಮಾಲಿನ್ಯ ನಿಯಮಗಳು, 2000ರ ಅನುಸಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರಾಜ್ಯ ಸರ್ಕಾರವು ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡಬಹುದಾಗಿದೆ. ಬೆಳಗಿನವರೆಗೆ ನಡೆಯುವ ಆಟಕ್ಕೆ ಟಿಕೇಟು ಮಾರಿ, ನಡುರಾತ್ರಿ ಮೈಕು ನಿಂತು, ಹಣ ಮರಳಿಸಬೇಕಾದ ಪ್ರಸಂಗವನ್ನು ತಪ್ಪಿಸಲು ಅನುಮತಿ ಪತ್ರ ಕೈಸೇರಿದ ಮೇಲೆಯೇ ಟಿಕೇಟು ಅಚ್ಚಿಗೆ ಕೊಡುವುದು.